ಕೊಪ್ಪಕ್ಕೂ ಕೊಪ್ಪಳಕ್ಕೂ ಒಂದೇ ಗುಂಡಿ!

ಮೊನ್ನೆ ಕೊನೆ ತೆಗೆಯೋರು ಮರದ ಮೇಲಿರುವಾಗಲೇ ಜೇಬಲ್ಲಿ ಮೊಬೈಲ್ ಹೊಡೆದುಕೊಳ್ಳೋಕೆ ಶುರುವಾಯ್ತು. ಹಗ್ಗ ಹಿಡಿದ ಕೈ, ತೆಗೆಯೋಕಾಗಲಿಲ್ಲ. ಮಧ್ಯಾಹ್ನ ನೋಡಿದರೆ ಒಂದು ಆಮಂತ್ರಣ. ಮಣ್ಣು ಮತ್ತು ನೀರಿನ ಸಂರಕ್ಷಣೆ ಬಗ್ಗೆ ಎರಡು ದಿನದ ವಿಚಾರ ಸಂಕಿರಣ. ಡಿಸೆಂಬರ್ 5ಕ್ಕೆ ಉದ್ಘಾಟನೆ. ಜಾಗ ನಮ್ಮೂರಿಂದ ನಾಲ್ಕು ಗಂಟೆ ದಾರಿ. ರೈತರಿಗೆ ಊಟ, ವಸತಿ, ಪ್ರಮಾಣಪತ್ರ ಉಂಟು. ಸಂಜೆ ಫೋನೂ ಬಂತು. "ಮಲೆನಾಡು ಕಡೆಯಿಂದ ಒಬ್ಬರು ಪ್ರಗತಿಪರ ರೈತರು ಬೇಕಿತ್ತು ಸಾರ್, ಹತ್ತು ನಿಮಿಷ ಮಾತಾಡಿ ಸಾಕು."

ಕರೆದವರ ಹೆಸರು ಹೇಳೋದಿಲ್ಲ. ಇದು ಅವರೊಬ್ಬರ ತಪ್ಪಲ್ಲ. ಹದಿನೈದು ವರ್ಷದಲ್ಲಿ ಇಂಥ ಏಳೆಂಟು ಸಭೆಗಳಿಗೆ ಹೋಗಿ ಬಂದಿದ್ದೇನೆ. ಬ್ಯಾಗು, ಪೆನ್ನು, ನೋಟ್ ಪುಸ್ತಕ, ಕುಡಿಯೋಕೆ ಅಂಗೈಯಗಲದ ಪ್ಲಾಸ್ಟಿಕ್ ಬಾಟಲಿ, ಉದ್ಘಾಟನೆಗೆ ಗಿಡಕ್ಕೆ ನೀರೆರೆಯೋದು, ಎಲ್ಲ ನೋಡಿಯಾಗಿದೆ. ಈ ಸಲ ಹೋಗೋದಿಲ್ಲ ಅಂದೆ. ಯಾಕೆ ಅಂತ ಫೋನಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಅಡಿಕೆ ಸುಲಿತಾ ಓದಿ.

ಮೊದಲು ತಾರೀಖು ನೋಡಿ. ಮಾರ್ಚ್ 22 ವಿಶ್ವ ಜಲ ದಿನ. ಜೂನ್ 5 ಪರಿಸರ ದಿನ. ಡಿಸೆಂಬರ್ 5 ವಿಶ್ವ ಮಣ್ಣು ದಿನ. ಡಿಸೆಂಬರ್ 5 ಥಾಯ್ಲೆಂಡಿನ ಹಿಂದಿನ ರಾಜ ಭೂಮಿಬೋಲ್ ಅವರ ಹುಟ್ಟುಹಬ್ಬ, ಅದನ್ನೇ ಮಣ್ಣು ದಿನ ಮಾಡಿದ್ದಾರೆ. ಒಳ್ಳೇದೇ. ಆದರೆ ನಮ್ಮ ಮಣ್ಣು ಹೋಗೋದು ಯಾವಾಗ? ಪುನರ್ವಸು, ಪುಷ್ಯ, ಆಶ್ಲೇಷ. ಅಂದರೆ ಜುಲೈ, ಆಗಸ್ಟ್. ಆ ಎರಡು ತಿಂಗಳಲ್ಲಿ ಶೃಂಗೇರಿ, ಕೊಪ್ಪದ ಕಡೆ ಒಂದು ವಿಚಾರ ಸಂಕಿರಣ ನಡೆದದ್ದನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದರೆ ಹೇಳಿ. ಮಣ್ಣು ಕೆಂಪಗೆ ಹಳ್ಳದಲ್ಲಿ ಹೋಗುವಾಗ ಯಾರೂ ಇಲ್ಲ. ಅದು ಹೋಗಿ ಮುಗಿದ ಮೇಲೆ, ನಾವು ಕೊಯ್ಲಲ್ಲಿ ಉಸಿರು ಬಿಡೋಕೂ ಪುರುಸೊತ್ತಿಲ್ಲದಾಗ, ಫ್ಯಾನಿನ ಕೆಳಗೆ ಕೂತು ಅದರ ಚಿತ್ರ ನೋಡೋಣ ಬನ್ನಿ ಅಂತಾರೆ. ಉಂಬಳ ಹತ್ತದ ಜಾಗದಲ್ಲಿ ಕೂತು ಮಲೆನಾಡಿನ ಮಣ್ಣಿನ ಬಗ್ಗೆ ಮಾತಾಡೋದು ಹೇಗೆ ಅಂತ ನಂಗೆ ಅರ್ಥವಾಗಿಲ್ಲ.

ತಾರೀಖಿನ ತಕರಾರು ಸಣ್ಣದು. ದೊಡ್ಡದು ಬೇರೆ ಇದೆ.

ಈ ಸಭೆಗಳಲ್ಲಿ ಹೇಳೋ ವಿದ್ಯೆ ಹುಟ್ಟಿದ್ದು ಎಲ್ಲಿ ಅಂತ ಒಮ್ಮೆ ಯೋಚನೆ ಮಾಡಿ. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆ ಶುರುವಾದದ್ದು ಹಗರಿ, ವಿಜಯಪುರ, ರಾಯಚೂರಿನಂಥ ಜಾಗಗಳಲ್ಲಿ. 1954ರಲ್ಲಿ ಕೇಂದ್ರ ಸರ್ಕಾರದ ಮಣ್ಣು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಬಂದದ್ದು ಬಳ್ಳಾರಿಗೆ. ವಿಶ್ವಬ್ಯಾಂಕ್ ದುಡ್ಡಿನ ಸುಜಲ ಜಲಾನಯನ ಯೋಜನೆಯ ಮೊದಲ ಹಂತ ನಡೆದದ್ದು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದಲ್ಲಿ. ಎಲ್ಲ ಬಯಲುಸೀಮೆ, ಇಲ್ಲಾ ಅರೆ ಬಯಲುಸೀಮೆ. ಅಲ್ಲಿ ವರ್ಷಕ್ಕೆ 500-600 ಮಿಲಿಮೀಟರ್ ಮಳೆ ಬಂದರೆ ಹೆಚ್ಚು ಅನ್ನೋ ಕಡೆಗಳೇ ಜಾಸ್ತಿ. ಅಲ್ಲಿನ ಪ್ರಶ್ನೆ ಒಂದೇ, ಬಿದ್ದ ಹನಿಯನ್ನು ಹಿಡಿಯೋದು ಹೇಗೆ? ಅದಕ್ಕೆ ಉತ್ತರ ಬದು, ಇಂಗುಗುಂಡಿ, ಕೃಷಿಹೊಂಡ. ಅವರ ಊರಿಗೆ ಅದು ಸರಿಯಾದ ಉತ್ತರ. ಅದನ್ನು ಕಂಡುಹಿಡಿದವರ ಮೇಲೆ ನಂಗೆ ಗೌರವ ಉಂಟು.

ನಮ್ಮ ಪ್ರಶ್ನೆ ಅದಲ್ಲವಲ್ಲ! ಘಟ್ಟದ ಅಂಚಲ್ಲಿ 3000 ಮಿಲಿಮೀಟರ್ ದಾಟೋದು ಮಾಮೂಲು. ಅದೂ ಬಹುಪಾಲು ಮೂರೇ ತಿಂಗಳಲ್ಲಿ. ಎನ್.ಆರ್.ಪುರದ ಮೂಡಲ ಕಡೆ ಹೋದರೆ ಅದರ ಅರ್ಧಕ್ಕೆ ಇಳಿಯುತ್ತೆ. ನಮ್ಮ ಮೂರು ತಾಲ್ಲೂಕಿಗೇ ಒಂದು ಪುಸ್ತಕ ಸಾಲೋದಿಲ್ಲ. ಹಾಗಿರುವಾಗ ಕೊಪ್ಪಕ್ಕೂ ಕೊಪ್ಪಳಕ್ಕೂ ಒಂದೇ ಗುಂಡಿ ತೋರಿಸ್ತಾರೆ. ಕೊಪ್ಪಕ್ಕೆ ಬರೋ ಪಾರ್ಸೆಲ್ಲು ಕೊಪ್ಪಳಕ್ಕೆ ಹೋಗೋದು ಗೊತ್ತಿತ್ತು. ಕೊಪ್ಪಳದ ಗುಂಡಿ ಕೊಪ್ಪಕ್ಕೆ ಬಂದದ್ದೂ ಹಾಗೇ ಏನೋ.

ಲೆಕ್ಕ ಮಾಡೋಣ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಅಂದರೆ ಹೆಚ್ಚುಕಮ್ಮಿ ಒಂದು ಲಕ್ಷ ಲೀಟರ್ ನೀರು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಇಂಗುಗುಂಡಿಗೆ ಹಿಡಿಯೋದು 765 ಲೀಟರ್. ಎಕರೆಗೆ 50 ಗುಂಡಿ ತೆಗೆದರೂ 38 ಸಾವಿರ ಲೀಟರ್. ನೆಲ ಕುಡಿದು ಕುಡಿದು ಸಾಕಾಗಿರೋ ಪುಷ್ಯದಲ್ಲಿ ಅರ್ಧ ಇಂಚು ಮಳೆಗೇ ಗುಂಡಿ ತುಂಬಿತು. ಅವತ್ತು ಬರೋದು ನಾಲ್ಕು ಇಂಚು. ಮಾರನೇ ದಿನ ಮತ್ತೆ ನಾಲ್ಕು. ಕೊಪ್ಪಳದಲ್ಲಿ ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಗುಂಡಿ ಖಾಲಿಯಾಗುತ್ತೆ. ನಮ್ಮಲ್ಲಿ ಜೂನ್ ಕೊನೆಗೆ ತುಂಬಿದ್ದು ಸೆಪ್ಟೆಂಬರ್ ತನಕ ತುಂಬೇ ಇರುತ್ತೆ. ಅಂದರೆ ಗುಡ್ಡದ ನೆತ್ತಿ ಮೇಲೆ ಐವತ್ತು ಕೊಡ ನೀರು ಹೊರಿಸಿ ಮೂರು ತಿಂಗಳು ನಿಲ್ಲಿಸಿದ ಹಾಗೆ.

ಗುಡ್ಡದ ಒಳಗೆ ಏನಿದೆ ಅಂತ ಬಾವಿ ತೋಡಿದವರಿಗೆಲ್ಲ ಗೊತ್ತು. ಮೇಲೆ ಕೆಂಪು ಮಣ್ಣು, ಜಂಬಿಟ್ಟಿಗೆ. ಅದರ ಕೆಳಗೆ ಬಿಳಿ, ನಸುಗೆಂಪು ಶೇಡಿ. ಒಣಗಿದ್ದಾಗ ಹಾರೆಗೂ ಜಗ್ಗದ ಶೇಡಿ ನೀರು ಕುಡಿದರೆ ಬೆಣ್ಣೆ. ಮೇಲಿನ ಭಾರ ಅದರ ಮೇಲೆ ಜಾರುತ್ತೆ.

ಇದನ್ನು ನಾನು ಪುಸ್ತಕ ಓದಿ ಹೇಳ್ತಿಲ್ಲ. ಇಲ್ಲೇ ನನ್ನ ಕಥೆ ಹೇಳಬೇಕು. ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ.

2016ರಲ್ಲಿ ಒಂದು ತರಬೇತಿಗೆ ಹೋಗಿ ಬಂದೆ. ಬಂದವನೇ ಹುಮ್ಮಸ್ಸಲ್ಲಿ ತೋಟದ ಮೇಲಿನ ಗುಡ್ಡದಲ್ಲಿ ಅರವತ್ತು ಗುಂಡಿ, ಅಡ್ಡಕ್ಕೆ ಮೂರು ಉದ್ದನೆ ಟ್ರೆಂಚು ತೆಗೆಸಿದೆ. ಮಟ್ಟಗೋಲು ಹಿಡಿದು ಚೂರೂ ಇಳಿಜಾರಿಲ್ಲದ ಹಾಗೆ, ಅವರು ಹೇಳಿಕೊಟ್ಟಂತೆಯೇ. ಫೋಟೋ ಕಳಿಸಿದೆ, ಮುಂದಿನ ಸಭೆಯಲ್ಲಿ ನನ್ನ ಗುಡ್ಡ ಪರದೆ ಮೇಲೆ ಬಂತು, ಚಪ್ಪಾಳೆಯೂ ಬಿತ್ತು. ಸುಳ್ಳು ಹೇಳಬಾರದು, ಮೊದಲ ಎರಡು ಬೇಸಿಗೆ ಕೆಳಗಿನ ಒರತೆ ಹದಿನೈದು ಇಪ್ಪತ್ತು ದಿನ ಹೆಚ್ಚು ಬಂತು. ಬೀಗಿದೆ.

2019ರ ಆಗಸ್ಟು. ಆಶ್ಲೇಷ ಮಳೆ. ಆ ವಾರ ಹೇಗಿತ್ತು ಅಂತ ನಿಮಗೆಲ್ಲ ನೆನಪಿದೆ. ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯಲ್ಲಿ ಗುಡ್ಡವೇ ಇಳಿದು ಜನ ಮನೆ ಬಿಟ್ಟು ಓಡಿದ ವಾರ. ನಮ್ಮಲ್ಲಿ ಮೂರನೇ ದಿನ ಬೆಳಗ್ಗೆ ತೋಟಕ್ಕೆ ಹೋದರೆ ಧರೆ ಬುಡದಲ್ಲಿ ಹೊಸ ಜಾಗದಲ್ಲಿ ಜಲ ಎದ್ದಿತ್ತು, ನೀರು ಕೆಂಪು. ಮೇಲೆ ಹತ್ತಿ ನೋಡಿದರೆ ಎರಡನೇ ಟ್ರೆಂಚಿನ ಉದ್ದಕ್ಕೂ ಕೈ ತೂರುವಷ್ಟು ಬಿರುಕು. ದನ ಬಿಚ್ಚಿ ಹೊರಗೆ ಅಟ್ಟಿದೆವು. ಮಧ್ಯಾಹ್ನಕ್ಕೆ ಇಳಿಯಿತು. ಎಂಬತ್ತು ಅಡಿಕೆ ಮರ ನಿಂತ ಹಾಗೇ ಕೆಳಗೆ ಹೋದವು. ಕೊಟ್ಟಿಗೆಯಿಂದ ಹತ್ತು ಮಾರು ದೂರದಲ್ಲಿ ಮಣ್ಣು ನಿಂತಿತು. ನಂದು ಹೋಗಲಿ, ಕೆಳಗಿನ ಮನೆಯವರ ಅರ್ಧ ಎಕರೆ ಗದ್ದೆ, ನೆಟ್ಟಿ ಮುಗಿದು ಎಂಟು ದಿನ ಆಗಿತ್ತು, ಅದರ ಮೇಲೆ ಆಳೆತ್ತರ ರಾಡಿ ಕೂತಿತು. ಆ ಗದ್ದೆ ಇವತ್ತಿಗೂ ಗದ್ದೆಯಾಗಿಲ್ಲ. ಅವರು ನನ್ನ ಹತ್ತಿರ ಒಂದು ಮಾತು ಆಡಿಲ್ಲ. ಆಡಿದ್ದರೆ ಹಗುರ ಆಗ್ತಿತ್ತು.

ಗುಂಡಿ ಒಂದೇ ಕಾರಣ ಅಂತ ನಾನು ಹೇಳೋದಿಲ್ಲ. ಅದರ ಹಿಂದಿನ ವರ್ಷ ತೋಟಕ್ಕೆ ಪಿಕಪ್ ಇಳಿಸೋಕೆ ಅಂತ ಗುಡ್ಡದ ಬುಡ ಕಡಿಸಿದವನೂ ನಾನೇ. ಮಳೆಯೂ ಹಾಗೇ ಇತ್ತು. ಆದರೆ ಬಿರುಕು ಬಿಟ್ಟದ್ದು ಟ್ರೆಂಚಿನ ಗೆರೆಯಲ್ಲೇ ಅನ್ನೋದನ್ನು ಕಣ್ಣಾರೆ ಕಂಡಿದ್ದೇನೆ. 2020ರ ಆಗಸ್ಟಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಕುಟುಂಬವೇ ಮಣ್ಣಲ್ಲಿ ಹೋಯಿತು. ಗುಡ್ಡದ ಮೇಲೆ ತೋಡಿದ ಇಂಗುಗುಂಡಿ ಕಾರಣವೋ ಅಲ್ಲವೋ ಅಂತ ಆಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯ್ತು. ನಾನು ತೀರ್ಪು ಕೊಡೋನಲ್ಲ. ಆದರೆ ಆ ಚರ್ಚೆ ಆದಮೇಲೂ ನಾನು ಹೋದ ಸಭೆಗಳಲ್ಲಿ ಅದೇ ಗುಂಡಿಯ ಅದೇ ಚಿತ್ರ ತೋರಿಸಿದರು. 2019ರ ನಂತರದ ಒಂದು ಸಭೆಯಲ್ಲಿ ಎದ್ದು ನಿಂತು ನನ್ನ ಗುಡ್ಡ ಜಾರಿದ್ದನ್ನು ಹೇಳಿದೆ. "ಪ್ರಶ್ನೋತ್ತರಕ್ಕೆ ಸಮಯ ಇಲ್ಲ, ಊಟಕ್ಕೆ ಸಿಗೋಣ" ಅಂದರು. ಊಟಕ್ಕೆ ಸಿಗಲಿಲ್ಲ.

ಇಲ್ಲಿ ವಿಜ್ಞಾನದ ತಪ್ಪಿಲ್ಲ ಅನ್ನೋದೇ ನಂಗೆ ಹೆಚ್ಚು ಸಿಟ್ಟು ಬರಿಸೋದು. ಮಣ್ಣು ಸಂರಕ್ಷಣೆಯ ಪಠ್ಯದಲ್ಲೇ ಇದೆ: ಮಳೆ ಕಡಿಮೆ ಇರೋ ಕಡೆ ಸಮಪಾತಳಿ ಬದು, ನೀರು ನಿಲ್ಲಿಸೋಕೆ. ಮಳೆ ಹೆಚ್ಚಿರೋ ಕಡೆ ಸಣ್ಣ ಇಳಿಜಾರು ಕೊಟ್ಟ ಬದು, ನೀರನ್ನು ಜೋಪಾನವಾಗಿ ಹೊರಗೆ ಕಳಿಸೋಕೆ. ಎರಡನೇ ಸಾಲು ಸಭಾಂಗಣಕ್ಕೆ ಬರುವಷ್ಟರಲ್ಲಿ ಬಿದ್ದು ಹೋಗುತ್ತೆ. ಮಣ್ಣು ಕೊಚ್ಚಣೆ ಲೆಕ್ಕ ಹಾಕೋಕೆ ಅಂತ ಪರದೆ ಮೇಲೆ ಒಂದು ಸೂತ್ರ ತೋರಿಸ್ತಾರಲ್ಲ, ಅಮೆರಿಕದ ಹೊಲಗಳಲ್ಲಿ ಅಳೆದು ಮಾಡಿದ್ದು, ಅದು ಮೇಲ್ಮಣ್ಣು ತೊಳೆದು ಹೋಗೋ ಲೆಕ್ಕ ಹೇಳುತ್ತೆ. ಧರೆ ಜಾರೋ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ನಮ್ಮ ಭಯ ಇರೋದು ಎರಡನೇದರದ್ದು.

ಹಾಗಾದರೆ ಗುಂಡಿಯ ಮೇಲೆ ಯಾಕಿಷ್ಟು ಪ್ರೀತಿ? ಗುಂಡಿಯನ್ನು ಅಳೆಯಬಹುದು. ಇಷ್ಟು ಘನ ಮೀಟರ್ ಅಂತ ಬಿಲ್ ಬರೆಯಬಹುದು, ಫೋಟೋ ತೆಗೆದು ಜಿಪಿಎಸ್ ಹಾಕಬಹುದು, ಇಷ್ಟು ಸಾವಿರ ಗುಂಡಿ ಅಂತ ವೇದಿಕೆ ಮೇಲೆ ಹೇಳಬಹುದು. ಜೂನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಕಟ್ಟಿಕೊಂಡ ಕಪ್ಪು ಬಿಡಿಸಿದ್ದನ್ನು ಯಾರು ಅಳೆಯೋರು? ದರಗು ಗುಡಿಸದೆ ಗುಡ್ಡದಲ್ಲೇ ಬಿಟ್ಟದ್ದಕ್ಕೆ ಬಿಲ್ ಹೇಗೆ ಬರೆಯೋದು? ಮಾಡದೇ ಬಿಟ್ಟ ಕೆಲಸಕ್ಕೆ ಫೋಟೋ ಇಲ್ಲ.

ಹಿರಿಯರು ಏನು ಮಾಡಿಟ್ಟಿದ್ದರು ನೋಡಿ. ಗುಡ್ಡಕ್ಕೂ ತೋಟಕ್ಕೂ ನಡುವೆ ಅಗಳ. ದನ ಇಳಿಯದ ಹಾಗೆ ಅಂತ ನಾವು ತಿಳಿದಿದ್ದೆವು. ಅದರ ದೊಡ್ಡ ಕೆಲಸ ಬೇರೆಯೇ ಇತ್ತು. ಗುಡ್ಡದ ನೀರು ತೋಟಕ್ಕೆ ನುಗ್ಗದ ಹಾಗೆ ಸುತ್ತು ಹಾಕಿಸಿ ಹಳ್ಳಕ್ಕೆ ಮುಟ್ಟಿಸೋದು. ಅಗಳಕ್ಕೆ ಯಾವತ್ತೂ ಒಂದು ಬಾಯಿ ಇರುತ್ತೆ. ತೋಟದೊಳಗೆ ಬಸಿಗಪ್ಪು. ಕೆಳಗೆ ಸರಲಿನ ಗದ್ದೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ನೀರು ನಿಧಾನ ಇಳೀತಾ, ತಂದ ಗೋಡು ಅಲ್ಲೇ ಬಿಡ್ತಾ, ನಾಲ್ಕು ತಿಂಗಳು ನಿಂತು ಇಂಗ್ತಾ ಇತ್ತು. ಅಂದರೆ ನಮ್ಮಲ್ಲಿ ಇಂಗುಗುಂಡಿ ಇರಲಿಲ್ಲ ಅಂತಲ್ಲ. ಇತ್ತು, ಗುಡ್ಡದ ತಲೆ ಮೇಲಲ್ಲ, ಕಾಲ ಬುಡದಲ್ಲಿ. ಅದರ ಹೆಸರು ಗದ್ದೆ.

ಮಳೆ ಹೋದಮೇಲೆ, ಕಾರ್ತಿಕದಲ್ಲಿ, ಹಳ್ಳಕ್ಕೆ ಕಟ್ಟು. ಕಾಸರಗೋಡಿನ ಏತಡ್ಕದ ಕಡೆ ಅಡಿಕೆ ಬೆಳೆಗಾರರು ಒಂದೇ ತೋಡಿಗೆ ಸಾಲಾಗಿ ಕಟ್ಟ ಕಟ್ಟಿ ತಲೆಮಾರುಗಳಿಂದ ಬೇಸಿಗೆ ದಾಟಿಸಿಕೊಂಡು ಬಂದಿದ್ದಾರೆ. ಅವರು ಆಷಾಢದ ನೀರನ್ನು ಹಿಡಿಯೋಕೆ ಹೋಗೋದಿಲ್ಲ, ಮಳೆಗಾಲ ಮುಗಿದ ಮೇಲಿನ ತಿಳಿನೀರನ್ನು ಹಿಡೀತಾರೆ. ಓಡೋ ನೀರನ್ನು ನಡೆಸು, ನಡೆಯೋದನ್ನು ನಿಲ್ಲಿಸು, ನಿಂತದ್ದನ್ನು ಇಂಗಿಸು ಅಂತ ಸಭೆಗಳಲ್ಲಿ ಹೇಳ್ತಾರಲ್ಲ, ನಮ್ಮಲ್ಲಿ ಅದಕ್ಕೆ ತಿಂಗಳ ಲೆಕ್ಕ ಸೇರಿಸಬೇಕು. ಜುಲೈಯಲ್ಲಿ ನಡೆಸು. ನವೆಂಬರಿನಲ್ಲಿ ನಿಲ್ಲಿಸು. ಅಷ್ಟೇ ನಾನು ಹೇಳಬೇಕೆಂದಿರೋದು.

ಈಗ ನಮ್ಮ ಬುಡಕ್ಕೆ ಬರೋಣ. ಎಲ್ಲ ಸಭೆಯವರ ಮೇಲೆ ಹಾಕಿ ಕೈ ತೊಳೆಯೋದು ಬೇಡ. ಅಡಿಕೆಗೆ ರೇಟು ಬಂತು ಅಂತ ಆ ಗದ್ದೆಗಳನ್ನು ತೋಟ ಮಾಡಿದ್ದು ಯಾರು? ಆಳದ ಕಪ್ಪು ಹೊಡೆದು ಸರಲಿನ ನೀರನ್ನೆಲ್ಲ ಅಕ್ಟೋಬರಿಗೇ ಬಸಿದು ಕಳಿಸಿ, ಮಾರ್ಚಲ್ಲಿ ಬೋರು ಕೊರೆಸೋದು ಯಾರು? ಗದ್ದೆ ಮುಗಿದ ಮೇಲೆ ಹಾಡ್ಯಕ್ಕೆ ಜೆಸಿಬಿ ಹತ್ತಿಸಿ ಮೆಟ್ಟಿಲು ಕಡಿದವರು, ಮೇ ಕೊನೆಗೆ ಕಳೆನಾಶಕ ಹೊಡೆದು ನೆಲ ಬೋಳು ಮಾಡಿ ಮಳೆ ಕಾಯೋರು, ಶುಂಠಿಗೆ ಅಂತ ಗುಡ್ಡದ ಓರೆ ಬಾಡಿಗೆ ಕೊಟ್ಟು ಮೇಲಿಂದ ಕೆಳಗೆ ಪಟ್ಟೆ ಎಳೆಸೋರು ಬಳ್ಳಾರಿಯವರಲ್ಲ. ಅಗಳ ಮುಚ್ಚಿ ಎರಡು ಸಾಲು ಅಡಿಕೆ ಹೆಚ್ಚು ಹಾಕಿದ್ದು ನಾವೇ. ನನ್ನ ತೋಟದ ಅಗಳದ ಬಾಯಿ 2012ರಿಂದ ಮುಚ್ಚಿತ್ತು. ಅದೂ ತೆರೆದಿದ್ದರೆ ಎಂಬತ್ತು ಮರ ಉಳೀತಿತ್ತೋ ಏನೋ.

ಕಸ್ತೂರಿರಂಗನ್ ವರದಿ ಅಂದ ಕೂಡಲೇ ನಾವೆಲ್ಲ ಒಟ್ಟಾಗಿ ಎದ್ದು ನಿಲ್ಲುತ್ತೇವೆ. ನಿಲ್ಲಲಿ. ಆದರೆ ನಮ್ಮ ಗುಡ್ಡ ನಾವೇ ನೋಡಿಕೊಳ್ತೇವೆ ಅಂತ ಹೇಳೋ ಬಾಯಿಗೆ ನೋಡಿಕೊಂಡ ಗುರುತೂ ಬೇಕಲ್ಲ?

ಈ ಮಣ್ಣು ಎಲ್ಲಿಗೆ ಹೋಗುತ್ತೆ ಗೊತ್ತಾ? ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ತೊಳೆದರೆ ನಾಲ್ಕು ಘನ ಮೀಟರ್, ಹತ್ತಿರ ಹತ್ತಿರ ಒಂದೂವರೆ ಟ್ರ್ಯಾಕ್ಟರ್ ಲೋಡು. ನಾವು ದುಡ್ಡು ಕೊಟ್ಟು ತೋಟಕ್ಕೆ ಹೊಡೆಸೋದು ಇದನ್ನೇ! ಎನ್.ಆರ್.ಪುರ ಕಡೆಯದ್ದು ಭದ್ರಾ ಹಿನ್ನೀರಿಗೆ. ಶೃಂಗೇರಿ, ಕೊಪ್ಪದ್ದು ತುಂಗೆಗೆ. ಎರಡೂ ಕೂಡಲಿಯಲ್ಲಿ ಸೇರಿ ಕೆಳಗೆ ತುಂಗಭದ್ರಾ ಅಣೆಕಟ್ಟು. ಕಟ್ಟಿದಾಗ 133 ಟಿಎಂಸಿ ಹಿಡೀತಿದ್ದದ್ದು ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತೆ. ಅಷ್ಟೂ ನಮ್ಮ ಮಣ್ಣಲ್ಲ, ದಾರಿಯಲ್ಲಿ ಎಷ್ಟೋ ಊರಿನದ್ದು ಸೇರಿದೆ, ಕುದುರೆಮುಖದ ಗಣಿಯದ್ದೂ ಹರಿದು ಬಂದಿದೆ. ಆದರೂ ನಮ್ಮ ಪಾಲು ಉಂಟು. ಆ ಅಣೆಕಟ್ಟಿನ ಮುನಿರಾಬಾದ್ ಇರೋದು ಯಾವ ಜಿಲ್ಲೆಯಲ್ಲಿ? ಕೊಪ್ಪಳ! ಅವರ ಗುಂಡಿಯ ಪಾಠ ಇಲ್ಲಿಗೆ ಬಂತು, ನಮ್ಮ ತೋಟದ ಮಣ್ಣು ಅವರ ಕೆರೆಗೆ ಹೋಯಿತು. ಎರಡೂ ಊರಿಗೆ ನಷ್ಟ.

ಸಭೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ವಿಜ್ಞಾನಿಗಳೂ ಬೇಕು. ಶೇಡಿ ಎಷ್ಟು ಆಳದಲ್ಲಿದೆ, ಎಷ್ಟು ಓರೆಗೆ ಏನು ಮಾಡಬಾರದು ಅಂತ ನಮಗೆ ಹೇಳೋರು ಬೇಕೇ ಬೇಕು. ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಇದೆ, ಬಾಳೆಹೊನ್ನೂರಿನ ಹತ್ತಿರ ನೂರು ವರ್ಷದ ಕಾಫಿ ಸಂಶೋಧನಾ ಕೇಂದ್ರ ಇದೆ. ಬಳ್ಳಾರಿ ಕೇಂದ್ರದ ಸಂಸ್ಥೆಯದ್ದೇ ಇನ್ನೊಂದು ಕೇಂದ್ರ ಗುಡ್ಡಗಾಡಿನ ಊಟಿಯಲ್ಲೂ ಇದೆ. ಜನ ಇಲ್ಲ ಅಂತಲ್ಲ.

ಕರೆದವರಿಗೆ ನಾನು ಹೇಳಿದ್ದು ಇಷ್ಟು. ಪುಷ್ಯ ಮಳೆಯಲ್ಲಿ ಬನ್ನಿ. ಸಭಾಂಗಣ ಬೇಡ. ಒಂದು ಹಳ್ಳ ಆರಿಸೋಣ, ನೆತ್ತಿಯಿಂದ ತುಂಗೆ ಸೇರೋ ತನಕ. ಆ ಹಳ್ಳದ ಎರಡೂ ಬದಿಯ ಮನೆಯವರೆಲ್ಲ ಇರಲಿ, ತೋಟದವರೂ ಕೂಲಿಯವರೂ. ಕಪ್ಪು ಹಿಡಿಯೋದು ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು. ಎಲ್ಲಿ ನೀರು ಕೆಂಪಾಯ್ತು ಅಂತ ನಡೆದು ನೋಡೋಣ. ಕೆಂಪಾದ ಜಾಗ ನನ್ನದೇ ತೋಟ ಆದರೆ ಎಲ್ಲರ ಎದುರು ಒಪ್ಪಿಕೊಳ್ತೇನೆ. ಭಾಷಣ ಮಾಡಿದವರು ಏಪ್ರಿಲಲ್ಲಿ ಮತ್ತೆ ಅದೇ ಹಳ್ಳಕ್ಕೆ ಬರಬೇಕು, ನೀರು ಎಲ್ಲಿಗೆ ನಿಂತಿದೆ ನೋಡೋಕೆ. ಪ್ರಮಾಣಪತ್ರ ಬೇಡ. ಗಂಜಿ, ಹಲಸಿನ ಹಪ್ಪಳ ನಮ್ಮದು.

"ಮೇಲಿನವರ ಹತ್ತಿರ ಕೇಳಿ ಹೇಳ್ತೇನೆ ಸಾರ್" ಅಂದಿದ್ದಾರೆ. ನೋಡೋಣ.

ಅವರು ಬರದಿದ್ದರೂ ನಾವು ಮಾಡೋದಕ್ಕೆ ಅಡ್ಡಿ ಇಲ್ಲ. ಮುಂದಿನ ಮಳೆಗಾಲಕ್ಕೆ ನಿಮ್ಮ ಹತ್ತಿರ ಒಂದು ಕೋರಿಕೆ. ಜೋರು ಮಳೆ ದಿನ ನಿಮ್ಮ ತೋಟದ ನೀರು ಹೊರಗೆ ಹೋಗೋ ಜಾಗದಲ್ಲಿ ಒಂದು ಖಾಲಿ ಬಾಟಲಿ ಹಿಡೀರಿ. ರಾತ್ರಿಯಿಡೀ ಅಲ್ಲಾಡಿಸದೆ ಜಗಲಿಯಲ್ಲಿ ಇಡಿ. ಬೆಳಗ್ಗೆ ತಳದಲ್ಲಿ ಎಷ್ಟು ಬೆರಳು ಗೋಡು ಕೂತಿದೆ ನೋಡಿ. ಅಗಳದ ಬಾಯಿ ಬಿಡಿಸಿ, ಮುಂದಿನ ಜೋರು ಮಳೆಗೆ ಮತ್ತೆ ಹಿಡೀರಿ. ಎರಡೂ ಬಾಟಲಿಯ ಫೋಟೋ ಇಲ್ಲಿ ಹಾಕಿ. ನಂದೂ ಹಾಕ್ತೇನೆ, ಎಷ್ಟೇ ನಾಚಿಕೆ ಆಗಲಿ.

ಡಿಸೆಂಬರ್ 5ಕ್ಕೆ ಎಲ್ಲಿರ್ತೀರಿ ಅಂತ ಕೇಳೋರಿಗೆ: ಹಳ್ಳಕ್ಕೆ ಕಟ್ಟು ಹಾಕ್ತಿರ್ತೇನೆ. ಕೆಳಗಿನ ಮನೆಯವರ ಗದ್ದೆಗೆ ಮೊದಲು ನೀರು ಹೋಗೋ ಹಾಗೆ ಈ ಸಲ ಜಾಗ ಬದಲಿಸಿದ್ದೇನೆ. ರಾಡಿ ತೆಗೆದು ಕಾಲು ಎಕರೆ ಆದರೂ ನೆಡೋಣ ಅಂತ ಅವರ ಮಗ ಮೊನ್ನೆ ತಾನಾಗಿ ಬಂದು ಹೇಳಿದ. ಇಬ್ಬರು ಜನ ಕಮ್ಮಿ ಇದ್ದಾರೆ. ಪುರುಸೊತ್ತಿದ್ದವರು ಗುದ್ದಲಿ ತಗೊಂಡು ಬೆಳಗ್ಗೆ ಎಂಟಕ್ಕೆ ಬನ್ನಿ.